ಕಾಳು ಕೆಳಗೆ, ಹುಳು ಒಳಗೆ, ನಾವು ಜಗುಲಿಯಲ್ಲಿ

ಚಿಕ್ಕಬಳ್ಳಾಪುರದಲ್ಲಿ ಮಗ ಕಟ್ಟಿಸಿದ ಮನೆಗೆ ಒಂದು ಸೆಲ್ಲಾರ್ ಇದೆ. ಸೈಟು ರಸ್ತೆಯಿಂದ ಹಿಂದಕ್ಕೆ ಇಳಿಜಾರು. ಮಣ್ಣು ತುಂಬಿಸಿ ಮಟ್ಟ ಮಾಡುವ ದುಡ್ಡಿಗೆ ಕೆಳಗೊಂದು ಅಂತಸ್ತೇ ಏಳುತ್ತದೆ ಎಂದು ಮೇಸ್ತ್ರಿ ಹೇಳಿದ್ದರು, ಹಾಗೇ ಆಯಿತು. ರಸ್ತೆ ಕಡೆಯ ಗೋಡೆ ಬಹುಪಾಲು ಮಣ್ಣೊಳಗೆ, ಹಿಂದಿನ ಗೋಡೆ ಬಯಲಿಗೆ. ಏಳೆಂಟು ವರ್ಷ ಅಲ್ಲಿ ಸ್ಕೂಟರು, ಮುರಿದ ಮಂಚ, ಮಿಕ್ಕ ಸಿಮೆಂಟಿನ ಚೀಲಗಳು ಬಿದ್ದಿದ್ದವು. 2024ರ ಏಪ್ರಿಲ್‌ನಲ್ಲಿ ಬಿಸಿಲು ತಾಳಲಾರದೆ ನಾನು ಮಧ್ಯಾಹ್ನ ಅಲ್ಲೇ ಚಾಪೆ ಹಾಸಿಕೊಳ್ಳುವುದನ್ನು ನೋಡಿ ಮಗ, "ಇದನ್ನೇ ನಿಂಗೊಂದು ರೂಮು ಮಾಡಿಸಿಬಿಡ್ತೀನಮ್ಮ" ಅಂದ. "ಮಾಡಿಸು, ಆದ್ರೆ ಮೊದ್ಲು ಒಂದು ದೀಪ ತಗೊಂಡು ಬಾ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿ ಎಂದು ಹೇಳುತ್ತಾ ಹೋದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1979ರಲ್ಲಿ ಗೌರಿಬಿದನೂರು ತಾಲ್ಲೂಕಿನಿಂದ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಗೆ ಸೊಸೆಯಾಗಿ ಬಂದೆ. ಮಣ್ಣಿನ ಮಾಳಿಗೆ ಮನೆ. ಗೋಡೆ ಒಂದೂವರೆ ಮೊಳ ದಪ್ಪ. ತೊಲೆಗಳ ಮೇಲೆ ಜಂತೆ, ಜಂತೆಯ ಮೇಲೆ ಹೊಂಗೆ ಸೊಪ್ಪು, ಅದರ ಮೇಲೆ ಚೌಳು ಮಣ್ಣು. ಚೌಳು ಮಣ್ಣು ನೀರು ಕುಡಿಯುವುದಿಲ್ಲ, ಮೇಲೆ ಬಿದ್ದ ಮಳೆಯನ್ನು ಜಾರಿಸಿಬಿಡುತ್ತದೆ. ನಡುಮನೆಯ ನಡುವೆ ಸಗಣಿ ಸಾರಿಸಿದ ನೆಲದಲ್ಲಿ ಒಂದು ಕಲ್ಲು ಚಪ್ಪಡಿ ಇತ್ತು, ಎರಡು ಮೊಳ ಉದ್ದ, ಅಷ್ಟೇ ಅಗಲ. ತಿಂಗಳಾನುಗಟ್ಟಲೆ ಅದರ ಮೇಲೆ ಓಡಾಡಿದ್ದೆ. ಒಂದು ದಿನ ಅದರ ಮೇಲೆ ಒರಳು ಎಳೆದು ತಂದಾಗ ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಅಲ್ಲಿ ಬೇಡಮ್ಮ, ಕೆಳಗೆ ಹಗೇವೈತೆ."

ನಮ್ಮ ತವರಿನಲ್ಲಿ ಹಗೇವು ಇರಲಿಲ್ಲ. ಉತ್ತರ ಪಿನಾಕಿನಿಯ ದಂಡೆಗೆ ಹತ್ತಿರದ ಊರು, ಮರಳು ಬೆರೆತ ನೆಲ, ಎರಡಾಳು ತೋಡಿದರೆ ಪಸೆ. ಅಲ್ಲಿ ರಾಗಿ ಇದ್ದದ್ದು ಮೂಲೆಯಲ್ಲಿ ನಿಲ್ಲಿಸಿದ ಮಣ್ಣಿನ ವಾಡೆಗಳಲ್ಲಿ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಏರು ನೆಲ ಬೇರೆ. ಮೇಲೆ ಮೊಳದಷ್ಟು ಕೆಂಪು ಮಣ್ಣು ಬಿಟ್ಟರೆ ಕೆಳಗೆಲ್ಲ ಗಟ್ಟಿ ಗರಸು. ಗುದ್ದಲಿಗೆ ಬಗ್ಗುತ್ತದೆ, ಆದರೆ ತೋಡಿದ ಮೇಲೆ ಕುಸಿಯುವುದಿಲ್ಲ. ಹಗೇವು ಹುಟ್ಟಿದ್ದು ಆ ಗರಸಿನಿಂದ. ಆ ಕಡೆ ತೆಲುಗು ಮನೆಮಾತಿನವರೂ ಬಹಳ, ಅವರು ಇದನ್ನೇ ಪಾತರ ಅನ್ನುತ್ತಾರೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ಹತ್ತಿರ ನಮ್ಮ ನಾದಿನಿಯನ್ನು ಕೊಟ್ಟ ಊರಿನಲ್ಲಿ ಮನೆಯೊಳಗೆ ತೋಡುವ ರೂಢಿ ಇರಲಿಲ್ಲ. ಊರ ಹೊರಗಿನ ದಿಣ್ಣೆಯಲ್ಲಿ, ಕಣದ ಪಕ್ಕ, ಎಲ್ಲರ ಹಗೇವುಗಳೂ ಸಾಲಾಗಿದ್ದವು.

ಒಬ್ಬ ಆಳು ಇಳಿಯುವಷ್ಟು ಬಾಯಿ, ಇಳಿದ ಮೇಲೆ ಗಡಿಗೆಯ ಹೊಟ್ಟೆಯಂತೆ ಅಗಲವಾಗುವ ಗುಂಡಿ, ಅದು ಹಗೇವು. ತೋಡಿ ಮುಗಿಸಿದ ಮೇಲೆ ಒಳಗೆ ಸೌದೆ, ತರಗು ತುಂಬಿ ಬೆಂಕಿ ಹಾಕಿ ಗೋಡೆ ಸುಡುತ್ತಿದ್ದರಂತೆ. ಮಣ್ಣಿನಲ್ಲಿದ್ದ ಹಸಿ ಹೋಗಬೇಕು, ಗೆದ್ದಲಿನ ಗೂಡು ಸಾಯಬೇಕು. ಆಮೇಲೆ ತಳಕ್ಕೂ ಸುತ್ತಲಿಗೂ ಒಣಗಿದ ರಾಗಿ ಹುಲ್ಲು. ಚೆನ್ನಾಗಿ ಒಣಗಿಸಿದ ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಚಪ್ಪಡಿ ಮುಚ್ಚಿ, ಅಂಚಿಗೆ ಕಲಸಿದ ಮಣ್ಣು ಮೆತ್ತಿದರೆ ಮುಗಿಯಿತು. ನಮ್ಮದು ಇಪ್ಪತ್ತೈದು ಪಲ್ಲ ಹಿಡಿಯುತ್ತಿತ್ತು ಎಂದು ಮಾವ ಹೇಳುತ್ತಿದ್ದರು. ಪಲ್ಲವೆಂದರೆ ನೂರು ಸೇರು.

ಅದನ್ನು ತೆಗೆದದ್ದನ್ನು ನಾನು ಒಂದೇ ಸಲ ಕಂಡಿದ್ದೇನೆ. ಮದುವೆಯಾಗಿ ಮೂರನೇ ವರ್ಷ, ಆಷಾಢ ಕಳೆಯುತ್ತಾ ಬಂದರೂ ಬಿತ್ತನೆಗೆ ಮಳೆ ಇಲ್ಲ. ಮಾವ ಹಾರೆಯಿಂದ ಚಪ್ಪಡಿ ಮೀಟಿದರು. ಕೆಳಗಿನಿಂದ ಬಂದದ್ದು ಬೆಚ್ಚಗಿನ ಹುಳಿ ವಾಸನೆ, ಕೊಟ್ಟಿಗೆಯಲ್ಲಿ ಒದ್ದೆಯಾಗಿ ಬಿದ್ದ ಹುಲ್ಲಿನ ಹಾಗೆ. ಮೈದುನನಿಗೆ ಇಪ್ಪತ್ತು ವರ್ಷ, ಇಳಿಯಲು ಪಂಚೆ ಎತ್ತಿ ಕಟ್ಟಿ ನಿಂತಿದ್ದ. ಅತ್ತೆ ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಮಣ್ಣಿನ ಹಣತೆಗೆ ಎಣ್ಣೆ ಬತ್ತಿ ಹಾಕಿ ಹಚ್ಚಿ, ಪುಟ್ಟ ಕುಕ್ಕೆಯಲ್ಲಿ ಇಟ್ಟು, ಹಗ್ಗ ಕಟ್ಟಿ ನಿಧಾನವಾಗಿ ಇಳಿಬಿಟ್ಟರು. ಎರಡು ಮೊಳ ಇಳಿಯುವವರೆಗೆ ಉರಿಯಿತು. ಮೂರನೇ ಮೊಳಕ್ಕೆ ಯಾರೋ ಬೆರಳಿನಿಂದ ಚಿವುಟಿದ ಹಾಗೆ ಆರಿತು. ಗಾಳಿ ಬೀಸಿ ಆರುವ ದೀಪ ಮೊದಲು ಓಲಾಡುತ್ತದೆ. ಇದು ಅಲುಗಲೇ ಇಲ್ಲ. "ಇವತ್ತು ಯಾರೂ ಇಳೀಬೇಡಿ" ಅಂದರು ಅತ್ತೆ. ರಾತ್ರಿಯೆಲ್ಲ ಬಾಯಿ ತೆಗೆದೇ ಇಟ್ಟು, ಪಕ್ಕದಲ್ಲಿ ಮಕ್ಕಳು ಬಾರದಂತೆ ಅತ್ತೆಯೇ ಮಲಗಿದರು. ಬೆಳಿಗ್ಗೆ ಹೊಂಗೆ ಕೊಂಬೆಗಳ ಕಟ್ಟನ್ನು ಹಗ್ಗದಲ್ಲಿ ಮೇಲೆ ಕೆಳಗೆ ಆಡಿಸಿ ಗಾಳಿ ಹೊರಳಿಸಿದರು. ಮತ್ತೆ ಹಣತೆ. ಈ ಸಲ ತಳದ ರಾಗಿಯ ಮೇಲೆ ಕೂತು ಉರಿಯಿತು. ಆಗಲೇ ಮೈದುನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದದ್ದು.

ಗೋಡೆಗೆ ತಾಗಿದ ಎರಡು ಬೆರಳಿನಷ್ಟು ರಾಗಿ ಕಪ್ಪಾಗಿ ಮುಗ್ಗಲು ಹಿಡಿದಿತ್ತು. ಉಳಿದದ್ದು ನಿನ್ನೆ ಕಣದಿಂದ ತಂದಂತೆ ಕೆಂಪಗೆ. ಏಳು ವರ್ಷದ ರಾಗಿ ಅದು. ಒಂದು ಹುಳು ಇಲ್ಲ, ಒಂದು ಹುಡಿ ಇಲ್ಲ. ಹೇಗೆ ಎಂದು ಆಮೇಲೆ ತಿಳಿದುಕೊಂಡೆ. ರಾಗಿ ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಕೀಟಕ್ಕೆ ಸುಲಭವಲ್ಲ. ಮುಚ್ಚಿದ ಗುಂಡಿಯಲ್ಲಿ ಕಾಳು, ಹುಲ್ಲು, ಇದ್ದಬದ್ದ ಕೀಟ ಎಲ್ಲವೂ ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿ ಕೆಳಗೆ ನಿಲ್ಲುತ್ತದೆ. ಕಾಳನ್ನು ಉಳಿಸಿದ್ದು ಆ ಸತ್ತ ಗಾಳಿ. ಅವಸರದಲ್ಲಿ ಇಳಿದ ಮನುಷ್ಯನನ್ನು ಕೊಲ್ಲುವುದೂ ಅದೇ. ಅಕ್ಕಪಕ್ಕದ ಊರುಗಳಲ್ಲಿ ಹಾಗೆ ಹೋದವರ ಕಥೆ ಪ್ರತಿ ಹಿರಿಯರಿಗೂ ಒಂದಾದರೂ ಗೊತ್ತಿತ್ತು.

ಧಾನ್ಯವನ್ನು ಇಷ್ಟು ಕಷ್ಟಪಟ್ಟು ನೆಲದೊಳಗೆ ಇಟ್ಟದ್ದೇಕೆ? ಒಂದು ಕಾರಣ ದಂಡು. ನಂದಿದುರ್ಗದ ಕಣ್ಣೆದುರಿನ ಸೀಮೆ ಇದು. ಪಾಳೇಗಾರರು, ಮರಾಠರು, ಹೈದರಾಲಿ, ಟಿಪ್ಪು, ಕೊನೆಗೆ 1791ರ ಅಕ್ಟೋಬರ್‌ನಲ್ಲಿ ದುರ್ಗ ಹಿಡಿದ ಕಾರ್ನ್‌ವಾಲಿಸ್‌ನ ಸೈನ್ಯ, ಎಲ್ಲರೂ ಈ ಹಾದಿಯನ್ನೇ ತುಳಿದದ್ದು. ದಂಡು ಹೊತ್ತು ತರುವುದು ಬಂದೂಕು, ತಿನ್ನುವುದು ದಾರಿಯ ಊರಿನ ಕಾಳು. ಮನೆ ಸುಟ್ಟರೂ ಚಪ್ಪಡಿಯ ಕೆಳಗಿನ ರಾಗಿ ಸುಡುವುದಿಲ್ಲ. ಇನ್ನೊಂದು ಕಾರಣ ಬರ. ಈ ಜಿಲ್ಲೆಯಲ್ಲಿ ಹುಟ್ಟುವ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ವರ್ಷವಿಡೀ ಹರಿಯುವ ಹೊಳೆಗಳಲ್ಲ. ಕೆರೆ ತುಂಬಿದ ವರ್ಷ ಇಟ್ಟದ್ದನ್ನು ಕೆರೆ ಒಣಗಿದ ವರ್ಷ ತಿನ್ನಬೇಕು. 1876ರಿಂದ 78ರವರೆಗಿನ ಧಾತು ಈಶ್ವರ ಬರದ ಹೆಸರನ್ನು ನಮ್ಮ ಅತ್ತೆಯೂ ತಗ್ಗಿದ ದನಿಯಲ್ಲೇ ಹೇಳುತ್ತಿದ್ದರು, ಅವರ ಅಜ್ಜಿಯ ಕಾಲದ್ದಾದರೂ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಹಗೇವು ಇದ್ದ ಮನೆ, ಇಲ್ಲದ ಮನೆ ಎಂದು ಊರುಗಳು ಎರಡಾದದ್ದು ಆಗ. ಹಗೇವು ಇದ್ದವರೆಲ್ಲ ಬಾಯಿ ತೆಗೆದು ಹಂಚಿದರು ಎಂದು ನಾನು ಹೇಳಲಾರೆ. ಕೆಲವರು ಹಂಚಿದರು, ಕೆಲವರು ಅದರ ಮೇಲೆ ಮಂಚ ಹಾಕಿ ಮಲಗಿದರು. ಎರಡೂ ಮಾತು ನಮ್ಮ ಕಡೆ ಉಳಿದಿವೆ.

ಹೀಗೆ ನಮ್ಮ ಮನೆಯ ಕೆಳಗಿನ ಜಾಗ ಮನುಷ್ಯರದ್ದಾಗಿರಲಿಲ್ಲ. ಹೋಗಲಿ, ಮೇಲಿನ ಜಾಗವಾದರೂ ನಮ್ಮದಾಗಿತ್ತೇ? ಅದೂ ಇಲ್ಲ. ಅದು ಹುಳುವಿನದು.

ರೇಷ್ಮೆ ಮೈಸೂರು ಸೀಮೆಗೆ ಬಂದ ಕಥೆ ಎಲ್ಲರಿಗೂ ಗೊತ್ತು. 1780ರ ದಶಕದಲ್ಲಿ ಟಿಪ್ಪು ಬಂಗಾಳದಿಂದ ಮೊಟ್ಟೆ ತರಿಸಿದ, 1890ರ ದಶಕದಲ್ಲಿ ಜೆಮ್‌ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀಯರ ನೆರವಿನಿಂದ ಫಾರಂ ನಡೆಸಿದರು, ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರು ಬಂದರು. ಈ ದೊಡ್ಡ ಹೆಸರುಗಳ ಹಿಂದೆ ಒಂದು ಸಣ್ಣ ಸಂಗತಿ ಮರೆಯಾಗಿದೆ. ಹುಳು ಸಾಕಲು ಯಾರೂ ಹಳ್ಳಿಯವರಿಗೆ ಕಟ್ಟಡ ಕೊಡಲಿಲ್ಲ. ಹುಳು ನೇರವಾಗಿ ನಡುಮನೆಗೆ ಬಂತು.

ಬರಲು ಅದಕ್ಕಿಂತ ಒಳ್ಳೆಯ ಜಾಗವೂ ಇರಲಿಲ್ಲ. ಹುಳುವಿಗೆ 25 ಡಿಗ್ರಿ ಆಸುಪಾಸಿನ ತಂಪು ಬೇಕು, ಗಾಳಿಯಲ್ಲಿ ತೇವ ಬೇಕು, ನೇರ ಬಿಸಿಲು ಬೀಳಬಾರದು. ದಪ್ಪ ಮಣ್ಣಿನ ಗೋಡೆ, ಚೌಳು ಮಣ್ಣಿನ ಮಾಳಿಗೆ, ಮೇಲೊಂದು ಗವಾಕ್ಷಿ ಇರುವ ಮನೆ ಇದನ್ನೆಲ್ಲ ಕೇಳದೆಯೇ ಕೊಡುತ್ತಿತ್ತು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದೆವು, ಮಾರ್ಗಶಿರದ ಚಳಿಗೆ ಇದ್ದಿಲ ಕುಂಪಟಿ ಇಡುತ್ತಿದ್ದೆವು. ಹುಳುವಿಗೆ.

ನೂರು ಮೊಟ್ಟೆ ಮೇಯಿಸುವುದು ಎನ್ನುತ್ತಾರೆ. ಒಂದೊಂದು ಮೊಟ್ಟೆಯೂ ಒಂದು ಚಿಟ್ಟೆ ಇಟ್ಟ ನಾನೂರು, ಐನೂರು ತತ್ತಿಗಳ ಗುಂಪು. ನೂರು ಮೊಟ್ಟೆ ಎಂದರೆ ನಲವತ್ತು, ಐವತ್ತು ಸಾವಿರ ಬಾಯಿ. ಮೊದಲ ವಾರ ಎರಡು ತಟ್ಟೆಗಳಲ್ಲಿ ಮೂಲೆಯಲ್ಲಿ ಇರುತ್ತವೆ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತೇವೆ. ಒಂದು ಜ್ವರ, ಎರಡು ಜ್ವರ ಏಳುವಷ್ಟರಲ್ಲಿ ಒಂದು ಗೋಡೆ ಹಿಡಿಯುತ್ತವೆ. ನಾಲ್ಕನೇ ಜ್ವರ ಎದ್ದ ಮೇಲೆ ನಡುಮನೆ ಪೂರ್ತಿ ಅವುಗಳದ್ದು. ಅಟ್ಟಣೆಯ ಮೇಲೆ ಅಟ್ಟಣೆ, ಪ್ರತಿ ಕಾಲಿನ ಕೆಳಗೂ ಇರುವೆ ಹತ್ತದಂತೆ ನೀರಿನ ಬಟ್ಟಲು. ಇಡೀ ಬೆಳೆಯ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಆ ಕೊನೆಯ ಏಳೆಂಟು ದಿನಕ್ಕೇ ಬೇಕು. ನಮ್ಮ ಹಗೇವಿನ ಚಪ್ಪಡಿಯ ಮೇಲೂ ಒಂದು ಅಟ್ಟಣೆ ನಿಂತಿತು. ತೆಗೆಯಬೇಕೆಂದರೂ ತೆಗೆಯುವಂತಿರಲಿಲ್ಲ.

ಆಗ ನಾವು ಜಗುಲಿಗೆ. ಮಾವ, ಅತ್ತೆ, ಮೈದುನ, ನಾನು, ಗಂಡ, 1981ರಲ್ಲಿ ಹುಟ್ಟಿದ ಕೂಸು. ಅದೇ ಹೊತ್ತಿಗೆ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತ್ತು. 1980ರಲ್ಲಿ ಮೊದಲು ಕಂಡದ್ದು, ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಒಳಗಿನಿಂದ ತಿನ್ನಿಸುವ ನೊಣ. ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಹೊಡೆದೆವು. ಪರದೆಯ ಒಳಗೆ ಹುಳು, ಹೊರಗೆ ಕೂಸು. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಆ ಹೊಗೆ ಒಳಗೆ ಹೋದರೆ ಹುಳು ಸಾಯುತ್ತವೆ. ಊದುಬತ್ತಿ ಇಲ್ಲ, ಒಗ್ಗರಣೆಯ ಘಾಟು ಅತ್ತ ಹೋಗಬಾರದು, ಬೀಡಿ ಸೇದಿದವರು ಬಾಗಿಲ ಹತ್ತಿರ ಬರಬಾರದು. ಸೆರಗನ್ನು ಕೂಸಿನ ಮುಖದ ಮೇಲೆ ಹೊದಿಸಿ, ರಾತ್ರಿ ಹತ್ತಕ್ಕೆ ಎದ್ದು ಸೊಪ್ಪು ಹಾಕಿ, ಮತ್ತೆ ಬಂದು ಕೈ ಬೀಸುತ್ತಾ ಕೂತಿರುತ್ತಿದ್ದೆ. ಬೆಳಿಗ್ಗೆ ಕೂಸಿನ ಕೆನ್ನೆ ತುಂಬ ಕೆಂಪು ಗುಳ್ಳೆ. ಹುಳುವಿನ ಮೈ ಮಾತ್ರ ಬೆಣ್ಣೆಯ ಹಾಗೆ ನುಣುಪು. ಈ ಮಾತನ್ನು ನಾನು ದೂರಾಗಿ ಬರೆಯುತ್ತಿಲ್ಲ. ಆ ಗೂಡಿನ ದುಡ್ಡಿನಲ್ಲೇ ಆ ಕೂಸು ಬೆಂಗಳೂರಿನಲ್ಲಿ ಓದಿತು. ಆದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹರಾಜಿನ ದರಗಳನ್ನು ಬರೆದಿಟ್ಟವರು ಹೆಂಗಸರ ನಿದ್ದೆಯನ್ನು ಎಲ್ಲೂ ಬರೆದಿಡಲಿಲ್ಲ.

ಹುಳು ಹಣ್ಣಾದಾಗ ಗೂಡು ಕಟ್ಟಲು ಚಂದ್ರಿಕೆ. ನಮ್ಮ ಊರಲ್ಲಿ ಚಂದ್ರಂಕಿ ಎನ್ನುವವರೇ ಹೆಚ್ಚು. ನೂರು ಮೊಟ್ಟೆಗೆ ನಲವತ್ತು ಚಂದ್ರಿಕೆ ಬೇಕಾಗುತ್ತಿತ್ತು. ಆಳೆತ್ತರದ ಬಿದಿರಿನ ತಟ್ಟಿಗಳು, ಮೇಲೆ ಸುರುಳಿ ಸುರುಳಿಯಾದ ಬಿದಿರು ಪಟ್ಟಿ. ಅವು ನಿಲ್ಲುತ್ತಿದ್ದದ್ದು ನಮ್ಮ ಜಗುಲಿಯಲ್ಲಿ! ಆ ಮೂರು ದಿನ ನಾವು ಬೀದಿಗೆ. ಪಟ್ಟಣದಲ್ಲೂ ಕಥೆ ಇದೇ. ಗೂಡು ಕೊಂಡು ನೂಲು ತೆಗೆಯುವ ಬಿಚ್ಚಾಣಿಕೆಯವರ ಮನೆಗಳಲ್ಲಿ ಮುಂದಿನ ಕೋಣೆಯೇ ಕಾರ್ಖಾನೆ. ಒಲೆ, ಕುದಿಯುವ ನೀರು, ಚರಕ, ಬೆಂದ ಹುಳುವಿನ ವಾಸನೆ. ಸಂಸಾರ ಹಿಂದಿನ ಕೋಣೆಗೆ ಸರಿದಿರುತ್ತಿತ್ತು.

ಹಗೇವು ಖಾಲಿಯಾದದ್ದಕ್ಕೂ ಹುಳುವಿಗೂ ಸಂಬಂಧವಿದೆ. ಬಾವಿಯ ಕೆಳಗಿನ ಒಳ್ಳೆಯ ಹೊಲ ಹಿಪ್ಪುನೇರಳೆಗೆ ಹೋಯಿತು, ರಾಗಿ ಅಂಚಿನ ಹೊಲಕ್ಕೆ ಸರಿಯಿತು. ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರ ಇಂಡಾಫ್ ರಾಗಿ ತಳಿ ಬಂದು ಎಕರೆಯ ಇಳುವರಿ ಏರಿದ ಕಾಲದಲ್ಲೇ ನಮ್ಮ ಮನೆಯಲ್ಲಿ ಹಗೇವಿಗೆ ಹಾಕಲು ರಾಗಿ ಉಳಿಯಲಿಲ್ಲ. ಸೊಸೈಟಿ ಅಕ್ಕಿ ಬಂತು, ಸಂತೆಯಲ್ಲಿ ರಾಗಿ ಸಿಗುತ್ತಿತ್ತು, ಕೈಯಲ್ಲಿ ಗೂಡಿನ ಕಾಸಿತ್ತು. ನಾನು ಕಂಡ ಆ ತೆರವೇ ಕೊನೆಯದು.

ಜಗುಲಿಯಿಂದ ನಾವು ಒಳಗೆ ಬಂದದ್ದು 1996ರಲ್ಲಿ. ಜನ ಮತ್ತು ಹುಳು ಒಂದೇ ಸೂರಿನಡಿ ಇದ್ದರೆ ರೋಗ ಬಿಡುವುದಿಲ್ಲ, ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಒಂದಾದ ಮೇಲೊಂದು ಬರುತ್ತವೆ ಎಂದು ರೇಷ್ಮೆ ಇಲಾಖೆಯವರು ವರ್ಷಗಳಿಂದ ಹೇಳುತ್ತಿದ್ದರು. ದ್ವಿತಳಿ ಹುಳುವಂತೂ ಇನ್ನೂ ನಾಜೂಕು. ತೋಟದಲ್ಲೇ ಬೇರೆ ಹುಳು ಮನೆ ಕಟ್ಟಿದೆವು. ಇಲಾಖೆಯ ನಕ್ಷೆಯಲ್ಲಿ ಗೋಡೆಯ ಬುಡದಲ್ಲೊಂದು ಸಾಲು ಗಾಳಿಕಿಂಡಿ, ಸೂರಿನ ಕೆಳಗೆ ಇನ್ನೊಂದು ಸಾಲು. ತಂಪು ಗಾಳಿ ಕೆಳಗಿನಿಂದ ಬರಬೇಕು, ಬಿಸಿ ಗಾಳಿ ಮೇಲಿನಿಂದ ಹೋಗಬೇಕು. ಹುಳುವಿಗೆ ಮನೆ ಕಟ್ಟುವಾಗ ಕಲಿತ ಆ ಪಾಠ ಮನುಷ್ಯರ ಮನೆ ಕಟ್ಟುವವರಿಗೆ ಬರಲು ಇಷ್ಟು ವರ್ಷ ಹಿಡಿಯಬಾರದಿತ್ತು.

ನಡುಮನೆಯನ್ನು ನಾಲ್ಕು ದಿನ ತೊಳೆದು, ಸುಣ್ಣ ಬಳಿದು, ಕಿಟಕಿ ದೊಡ್ಡದು ಮಾಡಿಸಿ ವಾಸದ ಕೋಣೆ ಮಾಡಿಕೊಂಡೆವು. ನೆಲಕ್ಕೆ ಕಲ್ಲು ಹಾಸಲು ಬಂದ ಮೇಸ್ತ್ರಿ ಹಗೇವು ಮುಚ್ಚಲೇಬೇಕು ಅಂದರು. ಒಂದು ಟ್ರ್ಯಾಕ್ಟರ್ ಗರಸು ಸಾಲದೆ ಇನ್ನೊಂದರಲ್ಲಿ ಅರ್ಧ ಹಿಡಿಯಿತು. ಅದರ ಆಳ ಎಷ್ಟು, ಹೊಟ್ಟೆಯ ಸುತ್ತಳತೆ ಎಷ್ಟು, ಗೋಡೆ ಸುಟ್ಟ ಬಣ್ಣ ಹೇಗಿತ್ತು, ಯಾವುದನ್ನೂ ನಾವು ಅಳೆದು ಬರೆಯಲಿಲ್ಲ. ನನಗೆ ಉಳಿದಿರುವ ಅಳತೆ ಆ ಒಂದೂವರೆ ಟ್ರ್ಯಾಕ್ಟರ್ ಮಾತ್ರ. ಅತ್ತೆ ಅಂದು ಊಟ ಮಾಡಲಿಲ್ಲ.

ಈಗ ಮಗನ ಸೆಲ್ಲಾರ್. ದೀಪ ತಂದ, ಇಟ್ಟೆವು. ಆರಲಿಲ್ಲ, ಆದರೆ ಜ್ವಾಲೆ ಒಂದಿಷ್ಟೂ ಬಳುಕಲಿಲ್ಲ. ಹಿಂದಿನ ಬಾಗಿಲು ತೆರೆದಿದ್ದರೂ ಗಾಳಿ ಒಳಗೆ ಬಂದು ನಿಂತುಬಿಡುತ್ತಿತ್ತು, ಹೊರಹೋಗಲು ದಾರಿ ಇರಲಿಲ್ಲ. ರಸ್ತೆ ಕಡೆಯ ಗೋಡೆಯಲ್ಲಿ ಮೊಳದೆತ್ತರಕ್ಕೆ ಉಪ್ಪು ಹೂತು ಬಿಳಿಯಾಗಿತ್ತು. 2021ರ ನವೆಂಬರ್‌ನಲ್ಲಿ ಜಿಲ್ಲೆಯ ಕೆರೆಗಳೆಲ್ಲ ಕೋಡಿ ಬಿದ್ದು, ಮಣ್ಣಿನ ಮನೆಗಳು ಕುಸಿದ ಆ ಮಳೆಯಲ್ಲಿ ಹೊರಗಿನ ಮಣ್ಣು ಕುಡಿದ ನೀರನ್ನೆಲ್ಲ ಆ ಗೋಡೆ ಹೀರಿತ್ತು. ಆಗ ಒಬ್ಬ ಗುತ್ತಿಗೆದಾರರು ಒಳಗಿನಿಂದ ನೀರು ತಡೆಯುವ ಬಣ್ಣ ಹೊಡೆದು ಹೋಗಿದ್ದರು. ಒಂದೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದಿತು. ನೀರು ಹೊರಗಿನಿಂದ ನೂಕುವಾಗ ಒಳಗಿನ ಬಣ್ಣ ಎಷ್ಟು ದಿನ ಹಿಡಿದೀತು?

ಈ ಸಲ ಶಿಡ್ಲಘಟ್ಟದ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಬಂದರು. ಹುಳು ಮನೆಗಳನ್ನು ಕಟ್ಟಿದ ಕೈ. "ಹೊರಗಿಂದ ಬಿಡಿಸ್ಬೇಕಮ್ಮ" ಅಂದರು. ರಸ್ತೆ ಕಡೆ ಗೋಡೆಗುಂಟ ಬುಡದವರೆಗೆ ಮಣ್ಣು ತೆಗೆಸಿ, ಗೋಡೆಯ ಹೊರಮೈಗೆ ಗಾರೆ ಮಾಡಿ ನೀರು ತಡೆಯುವ ಲೇಪ ಕೊಟ್ಟು, ಬುಡದಲ್ಲಿ ತೂತಿನ ಪೈಪು ಹಾಸಿ ಹಿಂದಿನ ಬಯಲಿಗೆ ಇಳಿಜಾರು ಕೊಟ್ಟು, ಮೇಲೆ ಜಲ್ಲಿ ತುಂಬಿದರು. ಸೂರಿನ ಕೆಳಗೆ, ರಸ್ತೆಯ ಮಟ್ಟಕ್ಕಿಂತ ಮೇಲೆ ಸಿಕ್ಕ ಒಂದೂವರೆ ಅಡಿಯಲ್ಲಿ ಮೂರು ಗಾಳಿಕಿಂಡಿ ಒಡೆದರು, ಎದುರಿನ ಹಿಂದಿನ ಗೋಡೆಯ ಬುಡದಲ್ಲಿ ಎರಡು. ಇಲಾಖೆಯ ನಕ್ಷೆಯನ್ನು ನಾನು ನೆನಪಿನಿಂದಲೇ ಬರೆದು ತೋರಿಸಿದ್ದೆ. ಒಳಗೋಡೆಯ ಸಿಮೆಂಟ್ ಗಾರೆ ಕೆತ್ತಿ, ಗೋಡೆ ಒಣಗಲು ಎರಡು ತಿಂಗಳು ಬಿಟ್ಟು, ಸುಣ್ಣದ ಗಾರೆ ಮಾಡಿದರು. ನೆಲಕ್ಕೆ ಸಾದರಹಳ್ಳಿ ಕಲ್ಲು. ಬಚ್ಚಲು ಹಿಂಭಾಗಕ್ಕೆ, ಏಕೆಂದರೆ ರಸ್ತೆಯ ಚರಂಡಿ ಪೈಪು ನಮ್ಮ ನೆಲಕ್ಕಿಂತ ಮೇಲಿತ್ತು. ಮುಂಭಾಗದಲ್ಲಿ ಮಾಡಿದ್ದರೆ ಕೊಳೆ ನೀರನ್ನು ಪಂಪಿನಿಂದ ಎತ್ತಬೇಕಾಗುತ್ತಿತ್ತು, ಕರೆಂಟು ಹೋದ ದಿನ ಅದು ಕೋಣೆಗೇ ಬರುತ್ತಿತ್ತು.

ಕೆಲಸ ಮುಗಿದ ದಿನ ಮತ್ತೆ ದೀಪ ಇಟ್ಟೆ. ಜ್ವಾಲೆ ಬಾಗಿತು, ಕೆಳಗಿನ ಕಿಂಡಿಯಿಂದ ಮೇಲಿನ ಕಿಂಡಿಯ ಕಡೆಗೆ. ಅಂದು ರಾತ್ರಿಯಿಂದ ಅಲ್ಲಿ ಮಲಗುತ್ತಿದ್ದೇನೆ. ತೋಟದ ಹುಳು ಮನೆಯ ಹಳೆಯ ಥರ್ಮಾಮೀಟರ್ ಈಗ ನನ್ನ ತಲೆದೆಸೆಯ ಗೋಡೆಯಲ್ಲಿದೆ. ಮೇಲಿನ ಕೋಣೆ 36 ತೋರಿಸಿದ ಮಧ್ಯಾಹ್ನ ಇಲ್ಲಿ 28 ಇತ್ತು.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಕೆಲವು ಮನೆಗಳ ಚಪ್ಪಡಿಯ ಕೆಳಗೆ ಹಗೇವು ಉಳಿದಿರಬಹುದು. ನಿಮ್ಮ ಮನೆಯಲ್ಲಿ ಇದ್ದರೆ, ಗ್ರಾನೈಟ್ ಹಾಸುವ ಮೊದಲು ಒಮ್ಮೆ ತೆಗೆಯಿರಿ. ಬಾಯಿಯ ಅಗಲ, ಆಳ, ಹೊಟ್ಟೆಯ ಸುತ್ತಳತೆ ಅಳೆಯಿರಿ, ಫೋಟೊ ಹಿಡಿಯಿರಿ, ಎಷ್ಟು ಪಲ್ಲ ಹಿಡಿಯುತ್ತಿತ್ತು, ಕೊನೆಗೆ ಯಾವಾಗ ತೆಗೆದದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಚಪ್ಪಡಿ ಸರಿಸಿದ ದಿನ ಮಾತ್ರ ಯಾರನ್ನೂ ಇಳಿಸಬೇಡಿ. ಒಂದು ರಾತ್ರಿ ಬಾಯಿ ತೆಗೆದಿಟ್ಟು, ಗಾಳಿ ಆಡಿಸಿ, ಮರುದಿನ ಮೊದಲು ದೀಪವನ್ನು ಇಳಿಸಿ. ದೀಪ ತಳ ಮುಟ್ಟಿ ಉರಿದರೂ, ಇಳಿಯುವವರ ಸೊಂಟದ ಹಗ್ಗವನ್ನು ಮೇಲೆ ಇಬ್ಬರು ಹಿಡಿದಿರಲಿ.